ಸೊಲ್ಲೆಂಟುನಾದವರು ಹಿಮಬೆಟ್ಟ ಹತ್ತಿದ್ದು

ಬೆಟ್ಟಕ್ಕೆ ಬರುವವರೆಲ್ಲ ಬರೀ ಹತ್ತಿ, ಇಳಿದು, ಮನೆಗೆ ಹೋಗುವಂತಿದ್ದರೆ ನನ್ನ ಹತ್ತಿರ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ಜನ ಹಾಗೆ ಬರುವುದಿಲ್ಲ. ಹುದ್ದೆ, ಅನುಮಾನ, ಮರ್ಯಾದೆ, ಮನೆಯ ತಿಂಡಿ ಎಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡೇ ಬರುತ್ತಾರೆ. ಕೆಳಗೆ ಇದ್ದಾಗ ಅದೆಲ್ಲ ಬ್ಯಾಗಿನೊಳಗೆ ಸುಮ್ಮನಿರುತ್ತದೆ. ಹಿಮದ ಮೇಲೆ ಕಾಲಿಟ್ಟ ಕೂಡಲೇ ಒಂದೊಂದಾಗಿ ಹೊರಗೆ ಬರುತ್ತದೆ.

೧. ಫಾರಂ

ಮೊದಲು ಒಂದು ಫಾರಂ ವಿಷಯ ಹೇಳಿಬಿಡುತ್ತೇನೆ. ಆ ಬೇಸಿಗೆ ನನ್ನ ಅನ್ನ ಅದರ ಮೇಲೆ ನಿಂತಿತ್ತು.

ನಾನು ಒಂಬತ್ತನೇ ಕ್ಲಾಸಿನ ನಡುವೆ ಅರಸೀಕೆರೆಯಲ್ಲಿ ರೈಲು ಹತ್ತಿದವನು, ಇನ್ನೂ ಪೂರ್ತಿ ಇಳಿದಿಲ್ಲ. ಲಾರಿ, ಹೋಟೆಲು, ಹಡಗಿನ ಅಡುಗೆಮನೆ ಎಲ್ಲ ಆಗಿ ಸ್ವೀಡನ್ನಿನ ಮಾಲ್ಮೋದಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಉತ್ತರದ ಕಡೆ ಬೆಟ್ಟದಲ್ಲಿ ಬೇಸಿಗೆಗೆ ಹೊರೆ ಹೊರುವವರು ಬೇಕಂತೆ ಎಂದು ಯಾರೋ ಹೇಳಿದರು. ಹೊರಟೆ. ಕಿರುನಾ ಪಟ್ಟಣದಿಂದ ಇನ್ನೂ ಒಳಕ್ಕೆ ಹೋದರೆ ಒಂದು ಹಿಮಬೆಟ್ಟ, ಅದರ ಬುಡದಲ್ಲಿ ಒಂದು ವಸತಿಮನೆ. ಅಲ್ಲಿಂದ ಜನರನ್ನು ಹಗ್ಗ ಕಟ್ಟಿ ಹಿಮನದಿಯ ಮೇಲೆ ತುದಿಗೆ ಕರೆದುಕೊಂಡು ಹೋಗುವ ಗೈಡ್ ಒಬ್ಬರು ನನ್ನ ಯಜಮಾನಿಯಾದರು. ಐವತ್ತರ ಹತ್ತಿರದ ಹೆಂಗಸು. ಇಡೀ ಬೇಸಿಗೆಯಲ್ಲಿ ಅವರು ಆಡುವ ಮಾತನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದು, ವಿಳಾಸಕ್ಕೂ ಜಾಗ ಉಳಿಯುತ್ತದೆ. ಈ ದೇಶದಲ್ಲಿ ಯಜಮಾನಿಗೂ ನೀನು, ಮಂತ್ರಿಗೂ ನೀನು. ಕನ್ನಡದಲ್ಲಿ ಬರೆಯುವಾಗ ಮಾತ್ರ ನನ್ನ ಕೈ ಅದಕ್ಕೆ ಒಪ್ಪುವುದಿಲ್ಲ, ಅದಕ್ಕೇ 'ಅವರು' ಎನ್ನುತ್ತಿದ್ದೇನೆ.

ಇಲ್ಲಿ ಯಾವ ಕೆಲಸಕ್ಕೂ 'ಅವ್ವಿಕೆಲ್ಸೆ', ಅಂದರೆ ಎಲ್ಲರಂತೆ ನಡೆಯದೆ ದಾರಿ ಬಿಟ್ಟದ್ದು, ಅಂತ ಒಂದು ಫಾರಂ ಇರುತ್ತದೆ. ಕೆಲಸ ಹೇಗೆ ನಡೆಯಬೇಕೋ ಹಾಗೆ ನಡೆಯದೆ ಹೋದರೆ ಏನು ತಪ್ಪಿತು, ಯಾರಿಂದ ತಪ್ಪಿತು, ಮತ್ತೆ ತಪ್ಪದಂತೆ ಏನು ಮಾಡುತ್ತೀರಿ ಎಂದು ಬರೆದು ಸಹಿ ಹಾಕಬೇಕು. ಶಿಶುವಿಹಾರದಲ್ಲಿ ಒಂದು ಮಗು ಇನ್ನೊಂದನ್ನು ಕಚ್ಚಿದರೂ ಫಾರಂ. ಕಚ್ಚಿದ ಮಗು ಮರೆತಿರುತ್ತದೆ, ಕಚ್ಚಿಸಿಕೊಂಡ ಮಗು ಮರೆತಿರುತ್ತದೆ, ಫಾರಂ ಮರೆಯುವುದಿಲ್ಲ.

ಎರಡು ಬೇಸಿಗೆ ಹೊರೆ ಹೊತ್ತ ಮೇಲೆ ಯಜಮಾನಿ ನನ್ನನ್ನು ಕರೆದು, ಈ ವಾರ ನೀನು ಹಗ್ಗದ ಕೊನೆಯವನು ಎಂದರು. ಹಗ್ಗದಲ್ಲಿ ಮುಂದೆ ಗೈಡ್, ನಡುವೆ ಜನ, ಕೊನೆಗೆ ಒಬ್ಬ ನಂಬಿಕಸ್ಥ. ನಡುವಿನವರು ಯಾರಾದರೂ ಬಿರುಕಿಗೆ ಬಿದ್ದರೆ ಅವನು ಕಾಲೂರಿ ನಿಂತು ಹಿಡಿಯಬೇಕು. ಫಾರಂ ಖಾಲಿಯಾಗಿ ಕೆಳಗೆ ಬಂದರೆ ಮುಂದಿನ ವರ್ಷಕ್ಕೆ ಪಕ್ಕಾ ಕರಾರು. ಕರಾರು ಇದ್ದರೆ ನನ್ನ ಕೆಲಸದ ಪರ್ಮಿಟ್ಟು ಮುಂದುವರಿಯುತ್ತದೆ. ಫಾರಂನಲ್ಲಿ ನನ್ನ ಹೆಸರು ಬಿದ್ದರೆ ಸೆಪ್ಟೆಂಬರಿನಲ್ಲಿ ನಾನು ಈ ದೇಶದಿಂದಲೇ ಇಳಿಯಬೇಕು.

ಬರುವವರು ಯಾರು ಎಂದು ಕೇಳಿದೆ. ರಾಜಧಾನಿ ಪಕ್ಕದ ಸೊಲ್ಲೆಂಟುನಾದಿಂದ, ನಿನ್ನ ಭಾಷೆಯವರು, ಸುಲಭವಾಗುತ್ತದೆ ಎಂದರು. ಅವರು ಸುಳ್ಳು ಹೇಳಿದ್ದು ಅದೊಂದೇ ಸಲ. ಅದೂ ಗೊತ್ತಿಲ್ಲದೆ.

೨. ತೂಕ

ನಾಲ್ಕು ಜನ ಬಂದರು. ಒಬ್ಬರು ಐಟಿ ಕಂಪನಿಯ ಮ್ಯಾನೇಜರು, ಜೊತೆಗೆ ಅವರ ಹೆಂಡತಿ, ನಾನು ಮೇಡಂ ಎನ್ನುತ್ತಿದ್ದವರು. ಅದೇ ಆಫೀಸಿನ ಟೆಸ್ಟರ್ ಒಬ್ಬರು, ಅಂದರೆ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುವವರು. ಕೊನೆಯವಳು ಮ್ಯಾನೇಜರ ಅಕ್ಕನ ಮಗಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಲುಂಡ್‌ನಲ್ಲಿ ಓದುತ್ತಿದ್ದಳು. ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರ, ಸಿಟ್ಟು ಬಂದರೆ ಮಾತ್ರ ಕನ್ನಡ.

ಮ್ಯಾನೇಜರು ಬಂದ ಕೂಡಲೇ ನನ್ನ ಹೆಗಲ ಮೇಲೆ ಕೈ ಹಾಕಿ ಒಂದು ಭಾಷಣ ಕೊಟ್ಟರು. ಸ್ವೀಡನ್ನಿನಲ್ಲಿ ತಮಗೆ ಬಹಳ ಇಷ್ಟವಾದದ್ದು ಮೇಲು ಕೀಳು ಇಲ್ಲದಿರುವುದು, ಇಲ್ಲಿ ಬಾಸ್ ಅನ್ನುವವನೇ ಇಲ್ಲ, ಎಲ್ಲರೂ ಸಮ. ಇಷ್ಟು ಹೇಳಿ ತಮ್ಮ ಬ್ಯಾಗನ್ನು ಟೆಸ್ಟರ್ ಕೈಗೆ ಕೊಟ್ಟರು. ಟೆಸ್ಟರು ಅದನ್ನು ಮೇಡಂ ಪಕ್ಕ ಇಟ್ಟರು.

ಹಗ್ಗದಲ್ಲಿ ತಾವೇ ಮೊದಲು ಎಂದು ಮ್ಯಾನೇಜರು ತೀರ್ಮಾನಿಸಿಕೊಂಡೇ ಬಂದಿದ್ದರು. ಹಗುರ ಇದ್ದವರು ಮುಂದೆ, ಭಾರ ಇದ್ದವರು ಹಿಂದೆ ಎಂದು ಗೈಡ್ ಹೇಳಿ, ಎಲ್ಲರ ತೂಕ ಕೇಳಿದರು. ಹುಡುಗಿ ಹೇಳಿದಳು. ಮೇಡಂ ಹೇಳಿದರು. ಟೆಸ್ಟರು ಊಟದ ಮುಂಚೆಯದ್ದೋ ಆಮೇಲಿನದ್ದೋ ಎಂದು ಕೇಳಿಕೊಂಡು ಎರಡನ್ನೂ ಹೇಳಿದರು. ಮ್ಯಾನೇಜರು ಕಿಟಕಿಯಾಚೆ ನೋಡುತ್ತ ಎಪ್ಪತ್ತೆಂಟು ಎಂದರು.

ಗೈಡ್ ಅವರನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಹೆಲಿಕಾಪ್ಟರಿನಲ್ಲಿ ಬರುವ ಆಲೂಗೆಡ್ಡೆ ಮೂಟೆ ತೂಗುವ ತಕ್ಕಡಿ ಮೂಲೆಯಲ್ಲಿತ್ತು, ಅದನ್ನು ತೋರಿಸಿದರು. ಊಟದ ಮನೆಯಲ್ಲಿ ಕೂತಿದ್ದ ಇಪ್ಪತ್ತು ಜನ ಸ್ವೀಡಿಷರು ತಲೆ ತಗ್ಗಿಸಿ ತಟ್ಟೆ ನೋಡಿದರು. ನೋಡದೆ ನೋಡುವುದರಲ್ಲಿ ಈ ಜನಕ್ಕೆ ಸರಿಸಾಟಿ ಇಲ್ಲ. ಮುಳ್ಳು ತೊಂಬತ್ತೊಂದರಲ್ಲಿ ನಿಂತಿತು.

"ಬ್ಯಾಗ್ ಸೇರಿ," ಎಂದರು ಮ್ಯಾನೇಜರು.

"ರೀ, ಬ್ಯಾಗ್ ನನ್ನ ಕೈಲಿದೆ," ಎಂದರು ಹೆಂಡತಿ.

೩. ಸೇತುವೆ

ಮರುದಿನ ಬೆಳಿಗ್ಗೆ ಹಿಮನದಿಯ ಅಂಚಿನಲ್ಲಿ ಹಗ್ಗ ಕಟ್ಟಿಕೊಂಡೆವು. ಗೈಡ್, ಹುಡುಗಿ, ಟೆಸ್ಟರು, ಮೇಡಂ, ಮ್ಯಾನೇಜರು, ಕೊನೆಗೆ ನಾನು. ಒಬ್ಬರಿಗೂ ಇನ್ನೊಬ್ಬರಿಗೂ ಹತ್ತು ಮೀಟರು. ಶೂ ಅಡಿಗೆ ಉಕ್ಕಿನ ಹಲ್ಲು ಕಟ್ಟಿಕೊಂಡಿದ್ದರಿಂದ ಎಲ್ಲರೂ ಹೊಸ ನೆಲದ ಮೇಲೆ ಬಿಟ್ಟ ಕೋಳಿಗಳ ಹಾಗೆ ಕಾಲೆತ್ತಿ ಇಡುತ್ತಿದ್ದರು.

ಟೆಸ್ಟರಿಗೆ ಹಗ್ಗದ ಮೇಲೆಯೇ ಅನುಮಾನ. ಇದು ಯಾವಾಗಲಾದರೂ ಹರಿದಿದೆಯಾ ಎಂದು ಗೈಡನ್ನು ಕೇಳಿದ್ದರು. ಇಲ್ಲ ಎಂದದ್ದಕ್ಕೆ, ಹಾಗಾದರೆ ಎಷ್ಟಕ್ಕೆ ಹರಿಯುತ್ತದೆ ಅಂತ ನಿಮಗೆ ಗೊತ್ತೇ ಇಲ್ಲ ಎಂದು ನೊಂದುಕೊಂಡಿದ್ದರು.

ಅರ್ಧ ದಾರಿಯಲ್ಲಿ ಒಂದು ಬಿರುಕು. ಅದರ ಮೇಲೆ ಹಿಮ ಗಟ್ಟಿಯಾಗಿ ಸೇತುವೆಯ ಹಾಗೆ ಆಗಿರುತ್ತದೆ, ಒಬ್ಬೊಬ್ಬರೇ ನಿಲ್ಲದೆ ದಾಟಿಬಿಡಬೇಕು. ಗೈಡ್ ದಾಟಿ ದಿಬ್ಬದ ಆಚೆ ಮರೆಯಾದರು, ಹುಡುಗಿ ದಾಟಿದಳು. ಟೆಸ್ಟರು ನಿಂತುಬಿಟ್ಟರು. ಈ ಸೇತುವೆಯನ್ನು ಯಾರು ಪರೀಕ್ಷೆ ಮಾಡಿದ್ದಾರೆ ಎಂದು ಕೇಳಿದರು. ಈಗ ತಾನೇ ಇಬ್ಬರು ದಾಟಿದರಲ್ಲ ಎಂದೆ. ಇಬ್ಬರು ದಾಟಿದ್ದರಿಂದ ಅದು ಇನ್ನಷ್ಟು ಸವೆದಿರುತ್ತದೆ, ಮೂರನೆಯವನದೇ ಅಪಾಯ ಎಂದರು. ಬೆಳಿಗ್ಗೆಯಿಂದ ಬಿಸಿಲು ಎಷ್ಟು ಬಿದ್ದಿದೆ, ನಿನ್ನೆ ಎಷ್ಟು ಜನ ದಾಟಿದರು, ಅವರಲ್ಲಿ ದಪ್ಪಗಿದ್ದವರು ಎಷ್ಟು, ಎಲ್ಲ ಕೇಳಿದರು. ಮ್ಯಾನೇಜರು ಹಿಂದಿನಿಂದಲೇ, ಶುಕ್ರವಾರದೊಳಗೆ ದಾಟ್ರೀ ಎಂದು ಕೂಗಿದರು.

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಸ್ವೀಡಿಷರ ಒಂದು ಗುಂಪು ಬಂದು ನಿಂತಿತ್ತು, ಎಂಟು ಜನ. ಹಿಮನದಿ ಅಗಲಕ್ಕೆ ನಾಲ್ಕು ಕ್ರಿಕೆಟ್ ಮೈದಾನ ಹಿಡಿಸುತ್ತದೆ, ಪಕ್ಕದಲ್ಲಿ ಇನ್ನೊಂದು ಹೆಜ್ಜೆ ಜಾಡೂ ಇತ್ತು. ಒಬ್ಬರೂ ಅತ್ತ ಹೋಗಲಿಲ್ಲ. ಮುಂದೆ ಸಾಲು ಇದೆ ಎಂದಮೇಲೆ ಸಾಲಿನಲ್ಲಿ ನಿಲ್ಲಬೇಕು. ಅವರಲ್ಲಿ ಹಿರಿಯರೊಬ್ಬರು ಬಹಳ ಹೊತ್ತು ಕಾದು, ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು, ಇಲ್ಲಿ ನಂಬರ್ ಚೀಟಿ ತೆಗೆದುಕೊಳ್ಳಬೇಕಾಗಿತ್ತೇ ಅಂತ.

ನನ್ನ ಕಣ್ಣ ಮುಂದೆ ಫಾರಂ ಬಂತು. 'ಏನು ತಪ್ಪಿತು: ಗ್ರಾಹಕರು ಹಿಮದ ಮೇಲೆ ವಿಚಾರಣೆ ನಡೆಸಿದರು.' ದಿಬ್ಬದ ಆಚೆಯಿಂದ ಗೈಡ್, ಏನಾಯಿತು ಎಂದು ಕೂಗಿದರು. ಆಗ ಹುಡುಗಿಗೆ ಕನ್ನಡ ಬಂತು.

"ಅಂಕಲ್, ಹತ್ತು ನಿಮಿಷದಿಂದ ನೀವು ಅದರ ಮೇಲೇ ನಿಂತಿದ್ದೀರಿ."

ಅಂಕಲ್ ಅಂದದ್ದಕ್ಕೆ ಸಿಟ್ಟು ಮಾಡಿಕೊಳ್ಳಲಿಕ್ಕೂ ಅವರಿಗೆ ಪುರಸೊತ್ತಾಗಲಿಲ್ಲ.

೪. ಹತ್ತು ಮೀಟರು

ಹಿಮನದಿಯ ಮೊದಲ ನಿಯಮ ಹಗ್ಗ ಬಿಗಿಯಾಗಿರಬೇಕು, ಯಾರೂ ಯಾರ ಹತ್ತಿರವೂ ಹೋಗಬಾರದು. ಸ್ವೀಡಿಷರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಬಸ್ ಸ್ಟಾಪಿನಲ್ಲೂ ಅವರು ಹಾಗೆಯೇ ನಿಲ್ಲುವುದು. ನಮ್ಮವರಿಗೆ ಹತ್ತು ಮೀಟರು ದೂರ ಎಂದರೆ ಜಗಳವಾಗಿದೆ ಎಂದು ಅರ್ಥ.

ಮೇಡಂ ಹತ್ತಿರ ಒಂದು ಡಬ್ಬಿ ಕೋಡುಬಳೆ ಇತ್ತು. ಹತ್ತು ಮೀಟರು ಕೆಳಗೆ ಗಂಡ ಏದುಸಿರು ಬಿಡುತ್ತ ನಿಂತಿದ್ದಾರೆ, ಕೊಡಬೇಕು. ಹತ್ತಿರ ಹೋಗುವ ಹಾಗಿಲ್ಲ, ಎಸೆದರೆ ಹಿಮದ ಪಾಲು. ಅವರು ಸೊಂಟದ ಪಟ್ಟಿಯಲ್ಲಿದ್ದ ಒಂದು ಕೊಕ್ಕೆ ಬಿಡಿಸಿದರು. ಕೋಡುಬಳೆಯನ್ನು ದೇವರೇ ಉಂಗುರದ ಆಕಾರದಲ್ಲಿ ಮಾಡಿರುವುದರಿಂದ ಮೂರನ್ನು ಅದಕ್ಕೆ ಸಿಕ್ಕಿಸಿ, ಕೊಕ್ಕೆಯನ್ನು ಹಗ್ಗಕ್ಕೆ ಹಾಕಿ ಬಿಟ್ಟರು. ಇಳಿಜಾರಿನಲ್ಲಿ ಬಿಗಿದ ಹಗ್ಗದ ಮೇಲೆ ಸರ್ರನೆ ಜಾರಿ ಬಂದು ಅದು ಮ್ಯಾನೇಜರ ಹೊಟ್ಟೆಗೆ ತಗುಲಿ ನಿಂತಿತು. ಅವರು ತಿಂದು, ಅದೇ ಕೊಕ್ಕೆಯಲ್ಲಿ ಒಂದನ್ನು ನನಗೆ ಕಳಿಸಿದರು. ಟೆಸ್ಟರು ತಮಗೆ ಯಾಕಿಲ್ಲ ಎಂದು ಮೇಲಿನಿಂದ ಕೇಳಿದರು. ಮೇಲಕ್ಕೆ ಜಾರುವುದಿಲ್ಲ ಎಂದು ಮೇಡಂ ಹೇಳಿದರೆ, ಪ್ರಯತ್ನ ಮಾಡಿ ನೋಡಿದ್ದೀರಾ ಎಂದರು.

ಗೈಡ್ ತಿರುಗಿದಾಗ ಹಗ್ಗದ ಹಿಂದಿನ ಅರ್ಧ ಪೂರ್ತಿ ಬಾಯಿ ಆಡಿಸುತ್ತಿತ್ತು. ಜೀವ ಉಳಿಸುವ ಹಗ್ಗದ ಮೇಲೆ ಖಾಲಿ ಕೊಕ್ಕೆಯೊಂದು ತೂಗಾಡುತ್ತಿತ್ತು. ಅವರು ನಮ್ಮೆಲ್ಲರನ್ನೂ ನಿಲ್ಲಿಸಿ, ಹಗ್ಗ ಸುತ್ತಿಕೊಳ್ಳುತ್ತ ಮೇಡಂ ಹತ್ತಿರ ಇಳಿದು ಬಂದರು. ಎದೆಯ ಜೇಬಿನಿಂದ ಫಾರಂ ಹೊರಗೆ ಬಂತು, ಪೆನ್ನೂ ಬಂತು. ಇದೇನು ಎಂದು ಕೇಳಿದರು. ಮೇಡಂ ಡಬ್ಬಿ ಮುಂದೆ ಹಿಡಿದರು.

ಗೈಡ್ ಒಂದನ್ನು ತಿಂದರು. ಸ್ವಲ್ಪ ಹೊತ್ತು ದೂರದ ಬೆಟ್ಟ ನೋಡಿದರು. ಕಣ್ಣಲ್ಲಿ ನೀರು ಬಂತು, ಖಾರಕ್ಕೆ. ಆಮೇಲೆ ಫಾರಂ ಮಡಿಸಿ ಜೇಬಿಗೆ ಹಾಕಿಕೊಂಡು, ಆ ಜೇಬಿನ ಪಕ್ಕದ ಜೇಬು ತೆರೆದು ಹಿಡಿದರು. ಮೇಡಂ ಅದನ್ನು ತುಂಬಿಸಿದರು.

೫. ಅಭಿಪ್ರಾಯ

ತುದಿಗೆ ಒಂದು ಗಂಟೆ ದಾರಿ ಇರುವಾಗ ಬಂಡೆಯೊಂದರ ಮೇಲೆ ಫೀಕಾಗೆ ಕೂತೆವು. ಫೀಕಾ ಎಂದರೆ ಕಾಫಿ ಮತ್ತು ಸಿಹಿ, ಈ ದೇಶದಲ್ಲಿ ಹಿಮ ಕುಸಿಯುತ್ತಿದ್ದರೂ ಅದು ತಪ್ಪುವುದಿಲ್ಲ. ಪಶ್ಚಿಮದಿಂದ ಒಂದು ಮೋಡ ಏಳುತ್ತಿತ್ತು. ಮುಂದೆ ಹೋಗುವುದೋ ಹಿಂದೆ ಹೋಗುವುದೋ, ನಿಮಗೆಲ್ಲ ಹೇಗನ್ನಿಸುತ್ತದೆ ಎಂದು ಗೈಡ್ ಕೇಳಿದರು. ಇಲ್ಲಿ ಹಾಗೆಯೇ. ಎಲ್ಲರೂ ಒಪ್ಪಬೇಕು. ಹಿಂತಿರುಗಿದರೆ ತಪ್ಪೇನಲ್ಲ, ಆದರೆ ಯಾರ ಕಾರಣಕ್ಕೆ ಎಂದು ಫಾರಂನಲ್ಲಿ ಬರೆಯಬೇಕು.

ಹುಡುಗಿ ತನಗೆ ಎರಡೂ ಸರಿ ಎಂದಳು. ಮೇಡಂ ಕಣ್ಣು ತುದಿಯ ಮೇಲೆಯೇ ಇತ್ತು, ಆದರೂ ಬಾಯಲ್ಲಿ ಇವರು ಹೇಗಂತಾರೋ ಹಾಗೆ ಎಂದರು. ಇವರು, ಟೀಮ್ ಹೇಗನ್ನುತ್ತದೋ ಹಾಗೆ ಎಂದರು. ಟೆಸ್ಟರು ಎರಡು ಕಡೆಯ ಅಪಾಯವನ್ನೂ ವಿವರಿಸಿ ಯಾವ ಕಡೆಯೂ ವಾಲಲಿಲ್ಲ. ನನ್ನನ್ನು ಕೇಳಿದಾಗ ನೀವು ಹೇಳಿದ ಹಾಗೆ ಎಂದೆ. ಗೈಡ್ ತಮಗೆ ನಮ್ಮ ಅಭಿಪ್ರಾಯವೇ ಮುಖ್ಯ ಎಂದರು. ಎರಡನೇ ಸುತ್ತು ಶುರುವಾಯಿತು.

ನಡುವೆ ಮ್ಯಾನೇಜರು ನನ್ನ ಪಕ್ಕಕ್ಕೆ ಜರುಗಿ ಕೂತರು. ಅವರ ಮಂಡಿ ಬೆಳಿಗ್ಗೆಯಿಂದ ಹಿಡಿದುಕೊಂಡಿತ್ತಂತೆ. ಹೆಂಡತಿ ಎದುರು, ಟೆಸ್ಟರ್ ಎದುರು ಹೇಳುವುದು ಹೇಗೆ.

"ಗುರುವೇ, ನಿನ್ನ ಮಂಡಿ ನೋವು ಅಂತ ಹೇಳಿಬಿಡು," ಎಂದರು. "ನಿನಗೇನು, ನೀನು ಹೇಗೂ ದಿನಾ ಹತ್ತೋನು."

"ನನ್ನ ಮಂಡಿ ನೋವಾದರೆ ನನ್ನ ಪರ್ಮಿಟ್ಟೂ ಕುಂಟುತ್ತೆ ಸಾರ್," ಎಂದೆ.

ಅವರು, ಹಾಗಾದರೆ ಯಾರ ಮಂಡಿಗೂ ನೋವಿಲ್ಲ ಎಂದು ನಿಟ್ಟುಸಿರು ಬಿಟ್ಟರು. ಆಫೀಸಿನಲ್ಲಿ ಎಲ್ಲರೂ ಸಮ ಎಂದು ಹತ್ತು ವರ್ಷ ಹೇಳಿದವರು, ಆ ಬಂಡೆಯ ಮೇಲೆ ಒಬ್ಬ ಬಾಸ್‌ಗಾಗಿ ಹಂಬಲಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ನಾಲ್ಕನೇ ಸುತ್ತು ಮುಗಿಯುವಷ್ಟರಲ್ಲಿ ಮೋಡ ಎತ್ತಲೋ ಹೋಗಿ, ಬಿಸಿಲು ಬಂದು, ಕಾಫಿಯೂ ಮುಗಿದಿತ್ತು. ಗೈಡ್ ಎದ್ದು ಚೀಲ ಹೆಗಲಿಗೇರಿಸಿದರು. ಒಳ್ಳೆ ಮೀಟಿಂಗ್ ಆಯಿತು ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

೬. ತುದಿ

ಅಂತೂ ಹತ್ತಿದೆವು. ಮ್ಯಾನೇಜರನ್ನು ಮುಂದಿನಿಂದ ಹೆಂಡತಿ ಎಳೆದರು, ಹಿಂದಿನಿಂದ ನಾನು ಹೊಗಳಿದೆ.

ಆ ಬೆಟ್ಟದ ತುದಿಗೆ ಸ್ವಲ್ಪ ಕೆಳಗೆ ಒಂದು ಜಗಲಿಯಷ್ಟು ಸಮನಾದ ಜಾಗ, ಅಲ್ಲಿಂದ ನಾಲ್ಕು ಹೆಜ್ಜೆ ಮೇಲೆ ತುದಿ. ತುದಿ ಎಂದರೆ ಹಿಮದ್ದೇ ಒಂದು ಸಣ್ಣ ಗೋಪುರ, ಸುತ್ತ ಎತ್ತ ನೋಡಿದರೂ ಬರೀ ಬೆಳಕು. ಗೈಡ್ ನಮ್ಮನ್ನು ಜಗಲಿಯಲ್ಲಿ ನಿಲ್ಲಿಸಿ, ಆಚೆ ಬದಿಯ ಹಿಮದ ಅಂಚು ಗಟ್ಟಿ ಇದೆಯೇ ಎಂದು ಕೋಲಿನಿಂದ ಚುಚ್ಚಿ ನೋಡಲು ಹೋದರು. ನಮ್ಮ ಕಡೆ ಅವರ ಬೆನ್ನು. ನನಗೆ ಹೇಳಿದ್ದು ಒಂದೇ ಮಾತು, ಇವರನ್ನು ನೋಡಿಕೋ. ಬೆಟ್ಟ ಮುಗಿದಿತ್ತು, ಫಾರಂ ಖಾಲಿ ಇತ್ತು. ನಾನು ಮನಸ್ಸಿನಲ್ಲೇ ಮುಂದಿನ ವರ್ಷದ ಕರಾರಿಗೆ ಸಹಿ ಹಾಕುತ್ತಿದ್ದೆ.

ಮೇಡಂ ಜಾಕೆಟ್ಟಿನ ಒಳಗಿನಿಂದ ಹೆಬ್ಬೆರಳಿನಷ್ಟು ಗಣಪನನ್ನು ತೆಗೆದರು. ಅವರ ಕಾರಿನ ಸ್ಟಿಯರಿಂಗ್ ಎದುರು ಅಂಟಿಸಿದ್ದ ಗಣಪ, ಅಡಿಯಲ್ಲಿ ಗೋಂದು ಇನ್ನೂ ಹಾಗೇ ಇತ್ತು. ಒಂದು ಫೋಟೋ ತೆಗೆದುಕೊಂಡು ಹೋಗುವ ಆಸೆ, ಅಷ್ಟೇ. ಹಗ್ಗದ ಅಳತೆಯಲ್ಲಿ ನಾಲ್ಕು ಹೆಜ್ಜೆ ಹತ್ತಿ ತುದಿಯ ಹಿಮದ ಮೇಲೆ ಗಣಪನನ್ನು ಇಟ್ಟರು. ಇಟ್ಟು ಕೆಳಗೆ ಬಂದು, ಒಂದು ಸಲ ತಿರುಗಿ ನೋಡಿದರು. ಬಿಸಿಲಿಗೆ ಹೊಳೆಯುವ ಬಿಳಿ ಗೋಪುರ, ಅದರ ಮೇಲೆ ದೇವರು.

ಮೇಡಂ ಜಗಲಿಯ ಅಂಚಿನಲ್ಲಿ ಕೂತು ಶೂ ಬಿಚ್ಚತೊಡಗಿದರು. ಅವರನ್ನು ನೋಡಿ ಟೆಸ್ಟರು ಬಿಚ್ಚಿದರು. ಇಡೀ ದಿನದಲ್ಲಿ ಪ್ರಶ್ನೆ ಕೇಳದೆ ಅವರು ಮಾಡಿದ ಕೆಲಸ ಇದೊಂದೇ. ಮ್ಯಾನೇಜರು ಬಗ್ಗಲಾರದೆ ಒದ್ದಾಡುತ್ತಿದ್ದರು, ಹೆಂಡತಿ ಲೇಸು ಎಳೆದುಕೊಟ್ಟರು. ಹುಡುಗಿ ಇಲ್ಲಿ ಹುಟ್ಟಿದವಳು, ಅವಳಾದರೂ ಬೇಡ ಎನ್ನುತ್ತಾಳೆ ಎಂದು ನೋಡಿದರೆ ಅವಳದು ಆಗಲೇ ಆಗಿತ್ತು. ಉಕ್ಕಿನ ಹಲ್ಲು ಕಟ್ಟಿದ ಶೂಗಳು ಜೋಡಿ ಜೋಡಿಯಾಗಿ ಸಾಲಾಗಿ ಕೂತವು.

ತಡೆಯಬೇಕಾದವನು ನಾನು. ಹಿಮದ ಬೆಟ್ಟದ ತುದಿಯಲ್ಲಿ ಶೂ ಬಿಚ್ಚಿದರೆ ಏನಾಗುತ್ತದೆ ಎಂದು ಎರಡು ಬೇಸಿಗೆಯಿಂದ ನೂರು ಜನಕ್ಕೆ ಪಾಠ ಹೇಳಿದವನು. ಬೇಡ ಮೇಡಂ ಎಂದು ಹೇಳಲು ಬಾಯಿ ತೆರೆದೆ. ಆಗ ನೋಡಿದರೆ ನನ್ನ ಎಡಗಾಲಿನ ಶೂ ನನ್ನ ಕೈಯಲ್ಲಿತ್ತು. ಯಾವಾಗ ಬಿಚ್ಚಿದೆನೋ ಗೊತ್ತಿಲ್ಲ. ಒಂದನ್ನೇ ಬಿಚ್ಚಿ ಬಿಡುವುದು ಸರಿಯಲ್ಲ ಎಂದು ಇನ್ನೊಂದನ್ನೂ ಬಿಚ್ಚಿದೆ. ಹಗ್ಗ ಮಾತ್ರ ಬಿಚ್ಚಿರಲಿಲ್ಲ, ಅಷ್ಟು ಪುಣ್ಯ.

ಐದು ಜನ ಕಾಲುಚೀಲದಲ್ಲಿ ಕೈ ಮುಗಿದು ನಿಂತಿರುವಾಗ ಗೈಡ್ ತಿರುಗಿದರು.

ಕೂಗಲಿಲ್ಲ, ಕೂಗಿದರೆ ಯಾರಾದರೂ ಬೆಚ್ಚಿ ಜಾರಿಬಿಟ್ಟಾರು ಎಂದು. ಹಗ್ಗವನ್ನು ಎರಡು ಸುತ್ತು ಕೈಗೆ ಬಿಗಿದುಕೊಂಡು ನಿಂತರು. ನನ್ನ ಕಾಲು ನೋಡಿದರು. ನನ್ನ ಎಡ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು. ಅವರ ಕೈ ಎದೆಯ ಜೇಬಿನ ಕಡೆ ಹೋಯಿತು. ನಾನು ಸೆಪ್ಟೆಂಬರಿನ ವಿಮಾನ ಹತ್ತಿ ಕೂತೆ.

ಆ ಹೊತ್ತಿಗೆ ಸರಿಯಾಗಿ ನಮ್ಮ ಹಿಂದಿದ್ದ ಎಂಟು ಜನ ಸ್ವೀಡಿಷರು ಜಗಲಿಗೆ ಬಂದರು. ಮುಂದಿದ್ದ ಆ ಹಿರಿಯರು ಸಾಲಾಗಿ ಇಟ್ಟ ಶೂಗಳನ್ನು ನೋಡಿದರು. ಕಾಲುಚೀಲದಲ್ಲಿ ನಿಂತವರನ್ನು ನೋಡಿದರು. ಓಹೋ ಎಂಬಂತೆ ತಲೆಯಾಡಿಸಿದರು. ಈ ದೇಶದಲ್ಲಿ ಯಾರ ಮನೆಗೆ ಹೋದರೂ, ಬಾಗಿಲಲ್ಲಿ ಶೂ ಕಂಡರೆ ಮನೆಯವರು ಹೇಳುವುದಕ್ಕೆ ಮೊದಲೇ ತಮ್ಮದನ್ನೂ ಬಿಚ್ಚುತ್ತಾರೆ. ಅವರು ಕೂತು ಬಿಚ್ಚಿದರು. ಹಿಂದಿದ್ದ ಏಳು ಜನ ಕಾರಣ ಕೇಳದೆ ಬಿಚ್ಚಿದರು. ಒಬ್ಬಾಕೆ, ಮ್ಯಾನೇಜರ ಶೂ ಸ್ವಲ್ಪ ಓರೆಯಾಗಿದ್ದದ್ದನ್ನು ನೇರ ಮಾಡಿದರು. ಹಿರಿಯರು ಗಣಪನ ಎದುರು ನಮ್ಮ ಹಿಂದೆ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಕೈ ಹೇಗೆ ಹಿಡಿಯಬೇಕು ಎಂದು ಮೇಡಂ ಹತ್ತಿರ ಕೇಳಿ, ಮುಗಿದರು.

ತುದಿಯಲ್ಲಿ ಹದಿಮೂರು ಜನ ಕಾಲುಚೀಲದಲ್ಲಿದ್ದೆವು. ಗೈಡ್ ಒಬ್ಬರೇ ಶೂ ಹಾಕಿಕೊಂಡು ನಿಂತಿದ್ದರು.

ಶೂ ನೇರ ಮಾಡಿದ ಆಕೆ ಅವರ ಹತ್ತಿರ ಹೋಗಿ, ಯಾರಿಗೂ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದರು, "ತಪ್ಪು ತಿಳಿಯಬೇಡ. ನಿನ್ನ ಕಾಲಲ್ಲಿ ಶೂ ಇದೆ."

ಎಲ್ಲರೂ ಶೂ ಹಾಕಿಕೊಂಡು ಇಳಿದೆವು. ನಾಲ್ವರೂ ಹೋದ ಹಾಗೆಯೇ ವಾಪಸು ಬಂದರು, ಮ್ಯಾನೇಜರು ಎಪ್ಪತ್ತೆಂಟಕ್ಕೆ ಸ್ವಲ್ಪ ಹತ್ತಿರವಾಗಿಯೇ ಬಂದರು. ವಸತಿಮನೆಯಲ್ಲಿ ಗೈಡ್ ಮೇಜಿನ ಎದುರು ಕೂತು ಫಾರಂ ಬಿಡಿಸಿದರು. ನಾನು ಎದುರಿಗೆ ನಿಂತೆ. ತಪ್ಪು ನನ್ನದು, ತಡೆಯಬೇಕಿತ್ತು, ನಾನೇ ಬಿಚ್ಚಿದೆ ಎಂದು ಒಪ್ಪಿಕೊಂಡೆ.

ಅವರು ಫಾರಂನ ಮೇಲೆ ಬೆರಳಿಟ್ಟರು. ಇದರಲ್ಲಿ ಕೇಳಿರುವುದು ಎಲ್ಲರೂ ಮಾಡಿದ್ದನ್ನು ಬಿಟ್ಟು ಬೇರೆ ಮಾಡಿದವರು ಯಾರು ಅಂತ, ಎಂದರು. ಹದಿನಾಲ್ಕು ಜನರಲ್ಲಿ ಹದಿಮೂರು ಜನ ಒಂದೇ ಥರ ನಡೆದುಕೊಂಡರು ಎಂದರು. ಸ್ವೀಡಿಷರು ಸುಳ್ಳು ಬರೆಯುವುದಿಲ್ಲ, ಅದರಲ್ಲೂ ಫಾರಂನಲ್ಲಿ. ಯಾರಿಂದ ತಪ್ಪಿತು ಎಂಬಲ್ಲಿ ಗೈಡ್ ತಮ್ಮ ಹೆಸರನ್ನೇ ದುಂಡಗೆ ಬರೆದರು. ನನ್ನ ಕರಾರಿನ ಕಾಗದವನ್ನು ಡ್ರಾಯರಿನಿಂದ ತೆಗೆದು ಅದಕ್ಕೂ ಸಹಿ ಹಾಕಿದರು. ಆಮೇಲೆ ಫಾರಂನ ಕೊನೆಯ ಸಾಲಿಗೆ ಬಂದು, ಪೆನ್ನಿನ ತುದಿ ಕಚ್ಚುತ್ತ ಯೋಚಿಸಿ, ಬರೆದು, ಸಾಕ್ಷಿಗೆ ಸಹಿ ಹಾಕು ಎಂದು ನನ್ನ ಕಡೆ ತಿರುಗಿಸಿದರು.

ಮತ್ತೆ ಹೀಗಾಗದಂತೆ ಕೈಗೊಳ್ಳುವ ಕ್ರಮ: ಮುಂದಿನ ಸಲ ಗೈಡ್ ದಪ್ಪ ಕಾಲುಚೀಲ ತರುವುದು.